ಸೆಕೆಗೆ ಹೊದಿಸಿದ ಕಂಬಳಿ

ಬಿಸಿಲ ಸೀಮೆಯಲ್ಲಿ ಹುಟ್ಟಿದವರಿಗೆ ಬಿಸಿಲು ಬಡಿಯುವುದಿಲ್ಲ ಎಂದು ನಮ್ಮ ಹಿರಿಯೂರು ಕಡೆಯವರು ಇವತ್ತಿಗೂ ಹೇಳುತ್ತಾರೆ. ಮದುವೆಯಾಗಿ ಮಂಗಳೂರಿಗೆ ಹೋಗುವ ತನಕ ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ಆಮೇಲೆ ಎಪ್ಪತ್ತರ ದಶಕದ ಒಂದು ಮೇ ತಿಂಗಳಲ್ಲಿ ನನಗೆ ಬಡಿಯಿತು. ಬದುಕಿಕೊಂಡೆ. ಆದರೆ ನನಗೆ ಏನಾಗಿತ್ತು ಎಂದು ಊರಿನಲ್ಲಿ ಹೇಳಿದರೆ ಒಬ್ಬರೂ ನಂಬಲಿಲ್ಲ. ಕಾಲರಾ ಅಂದಿದ್ದರೆ ನಂಬುತ್ತಿದ್ದರು, ಗಾಳಿ ಸೋಕಿತ್ತು ಅಂದಿದ್ದರೆ ಇನ್ನೂ ಬೇಗ ನಂಬುತ್ತಿದ್ದರು. ಸೆಕೆಯಿಂದ ಸಾಯುವ ಹಾಗಾಗಿದ್ದೆ ಅಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕಾಯಿಲೆಯನ್ನೇ ನಂಬದಿದ್ದ ಮೇಲೆ ಅದನ್ನು ಯಾರೋ ಮಾಡಿರಬೇಕಲ್ಲ? ಹಾಗೆ ನನ್ನ ಕಾಯಿಲೆಗೆ ಹೊಣೆ ಹೊತ್ತವಳು ನಮ್ಮತ್ತೆ.

ಈಗ ಇದನ್ನು ಬರೆಯಲು ಕಾರಣ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು. ಗಾರೆ ಕೆಲಸಕ್ಕೆಂದು ಕರಾವಳಿಗೆ ಹೋಗಿ, ನನ್ನ ಹಾಗೇ ಬಿದ್ದು, ಆಸ್ಪತ್ರೆ ಸೇರಿ ಬಂದಿದ್ದಾಳೆ. ಬಂದವಳು ಮನೆಯಿಂದ ಹೊರಗೆ ಬರುತ್ತಿಲ್ಲ. ನೆತ್ತಿ ಬಿಸಿಯಾದರೆ ಸಾಕು, ಜೀವ ಹೋಗುತ್ತದೆ ಎಂದು ಹೆದರುತ್ತಾಳೆ. ಆ ಹೆದರಿಕೆ ನನಗೆ ಗೊತ್ತು. ಅವಳ ಪಕ್ಕ ಕೂತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆಯುತ್ತಿದ್ದೇನೆ.

ಅತ್ತೆ ಹೊರಗಿನವಳಲ್ಲ, ನಮ್ಮಪ್ಪನ ಒಡಹುಟ್ಟಿದ ಅಕ್ಕ. ಧರ್ಮಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಒಂದು ಹಿಂಡು ಕುರಿ, ಒಂದಿಷ್ಟು ಶೇಂಗಾ ಬೆಳೆಯುವ ಹೊಲ. ಗಂಡ ಬೇಗ ತೀರಿಕೊಂಡ ಮೇಲೆ ತಾನೇ ಕುರಿ ಹಿಂದೆ ನಡೆದು ಮಗನನ್ನು ಬೆಳೆಸಿದಳು. ಆ ಮಗನಿಗೇ ನನ್ನನ್ನು ತಂದುಕೊಂಡಳು. ಹುಟ್ಟಿದಾಗಿನಿಂದ ಅವಳನ್ನು ‘ನೀನು’ ಎಂದೇ ಮಾತಾಡಿಸಿದವಳು ನಾನು, ಸೊಸೆಯಾದ ಮೇಲೂ ಅದು ಬಾಯಿಂದ ಹೋಗಲಿಲ್ಲ. ನಮ್ಮವ್ವನಿಗೆ ಮಾತ್ರ ಈ ಅತ್ತಿಗೆಯ ಜೊತೆ ಮೊದಲಿಂದಲೂ ಅಷ್ಟಕ್ಕಷ್ಟೆ. ಅಪ್ಪ ಯಾವುದೇ ಮಾತಿಗೂ ‘ಅಕ್ಕನ್ನ ಒಂದು ಮಾತು ಕೇಳ್ತೀನಿ’ ಅನ್ನುತ್ತಿದ್ದುದು ಅವ್ವನಿಗೆ ಹಳೆಯ ಉರಿ. ಮಗಳನ್ನೂ ಆ ಮನೆಗೇ ಕೊಟ್ಟಾಗ ಅವ್ವ ಮದುವೆಯ ಚಪ್ಪರದಲ್ಲೇ ಮುಖ ಊದಿಸಿಕೊಂಡಿದ್ದಳಂತೆ.

ನಮ್ಮನೆಯವರು ಲಾರಿ ಡ್ರೈವರು. ಮಂಗಳೂರಿನಲ್ಲಿ ಆಗ ಹೊಸ ಬಂದರು ಕಟ್ಟುತ್ತಿದ್ದರು, ಕಲ್ಲು ಸಾಗಿಸುವ ಕೆಲಸ ಸಿಕ್ಕಿತು. ಮದುವೆಯಾದ ಮೇಲೆ ಯುಗಾದಿ ಮುಗಿಸಿಕೊಂಡು ನಾನೂ ಹೋದೆ. ನಾವಿದ್ದದ್ದು ಲಿಲ್ಲಿ ಬಾಯಿ ಎಂಬ ಕ್ರಿಶ್ಚಿಯನ್ ಹೆಂಗಸಿನ ಮನೆಯ ಹಿಂಭಾಗದ ಒಂದು ಕೋಣೆಯಲ್ಲಿ. ಹೆಂಚಿನ ಮಾಡು, ತಲೆಗೆ ತಾಗುವಷ್ಟು ತಗ್ಗು. ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ ಮುಖ ಮಾಡಿತ್ತು. ಅಡುಗೆ, ಮಲಗುವುದು, ಎಲ್ಲ ಅಲ್ಲೇ.

ನಮ್ಮ ಕಡೆ ಬಿಸಿಲು ಮೇಲಿನಿಂದ ಬರುತ್ತದೆ. ತಲೆ ಮೇಲೆ ಸೆರಗು ಎಳೆದುಕೊಂಡು ಬೇವಿನ ಮರದ ಕೆಳಗೆ ನಿಂತರೆ ಅದು ಅಲ್ಲಿಂದಾಚೆಗೇ ನಿಲ್ಲುತ್ತದೆ. ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಸಂಜೆ ರವಿಕೆಯ ಬೆನ್ನ ಮೇಲೆ ಬಿಳೀ ಉಪ್ಪು ಮಾತ್ರ ಕಾಣುತ್ತದೆ. ಮಂಗಳೂರಿನಲ್ಲಿ ನೆರಳಿಗೂ ಬಿಸಿಲಿಗೂ ವ್ಯತ್ಯಾಸವೇ ಇರಲಿಲ್ಲ. ಅಲ್ಲಿಯವರು ಅದಕ್ಕೆ ಸೆಕೆ ಅನ್ನುತ್ತಿದ್ದರು. ಅದು ಎಲ್ಲಿಂದ ಬರುತ್ತದೆ ಎಂದು ತೋರಿಸುವುದಕ್ಕೇ ಆಗದು. ಒಳಗೆ ಕೂತರೂ ಬೆವರು, ಮಲಗಿದರೂ ಬೆವರು, ಒರೆಸಿದಷ್ಟೂ ಬೆವರು. ಡಬ್ಬಿಯಲ್ಲಿದ್ದ ಉಪ್ಪು ನೀರಾಯಿತು, ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ, ಒಗೆದು ಹಾಕಿದ ಸೀರೆ ಮಾರನೇ ದಿನವೂ ಕೈಗೆ ಅಂಟುತ್ತಿತ್ತು. ರಾತ್ರಿ ನಿದ್ದೆ ಎಂಬುದು ಮರೆತೇಹೋಯಿತು.

ಲಿಲ್ಲಿ ಬಾಯಿ ಒಳ್ಳೆಯವಳು. ದಿನಕ್ಕೆರಡು ಸಲ ಮೀಯಬೇಕು, ಗಂಜಿ ತೆಳಿಗೆ ಉಪ್ಪು ಹಾಕಿ ಕುಡಿಯುತ್ತಾ ಇರಬೇಕು, ಮಧ್ಯಾಹ್ನ ಒಲೆ ಹಚ್ಚಬಾರದು ಎಂದು ಬಂದ ವಾರವೇ ಹೇಳಿದ್ದಳು. ನನಗೆ ಒಳಗೊಳಗೇ ನಗು. ಚಿತ್ರದುರ್ಗದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದವಳಿಗೆ ಈ ತೆಂಗಿನ ಮರದ ಊರಿನವಳು ಬಿಸಿಲಿನ ಪಾಠ ಹೇಳುತ್ತಾಳಲ್ಲ ಎಂದು. ಇನ್ನು ದಿನಕ್ಕೆರಡು ಸಲ ಸ್ನಾನವಂತೆ! ಎರಡು ಕೊಡ ನೀರಿಗೆ ಅರ್ಧ ಮೈಲಿ ನಡೆದ ನಮಗೆ ಅದು ಸ್ನಾನವಲ್ಲ, ದುಂದು. ಬಾವಿ ತುಂಬ ನೀರಿದ್ದರೂ ನನ್ನ ಕೈ ಬಿಚ್ಚಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ನಾಚಿಕೆ ಪಟ್ಟು ಬಿಟ್ಟರೆ ಈ ಬರಹದಿಂದ ಯಾರಿಗೂ ಉಪಯೋಗವಿಲ್ಲ. ನಮ್ಮೂರ ಹೆಂಗಸರು ಬೆಳಕು ಹರಿಯುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಬಯಲಿಗೆ ಹೋಗಿಬರುವವರು. ನಡುವೆ ಬೇಕಾಗಬಾರದೆಂದು ಹಗಲು ನೀರನ್ನೇ ಕಡಿಮೆ ಕುಡಿಯುತ್ತೇವೆ. ಚಿಕ್ಕವರಿದ್ದಾಗಲೇ ಮೈಗೆ ಇದನ್ನು ಕಲಿಸಿಬಿಡುತ್ತಾರೆ. ಮಂಗಳೂರಿನಲ್ಲಿ ಪಾಯಿಖಾನೆಗೆ ಲಿಲ್ಲಿ ಬಾಯಿಯ ಮನೆಯ ಜಗಲಿಯ ಮುಂದೆ ಹಾದುಹೋಗಬೇಕಿತ್ತು. ಅಲ್ಲಿ ಅವಳ ಗಂಡ, ಅಣ್ಣ, ನೆಂಟರು ಯಾರಾದರೂ ಕೂತೇ ಇರುತ್ತಿದ್ದರು. ಅವರ ಕಣ್ಣ ಮುಂದೆ ಚೊಂಬು ಹಿಡಿದು ಹೋಗುವುದಕ್ಕಿಂತ ಬಾಯಾರಿಕೆಯೇ ವಾಸಿ ಅನಿಸುತ್ತಿತ್ತು. ಮೈಯಿಂದ ನೀರು ಧಾರೆಯಾಗಿ ಹೋಗುತ್ತಿದ್ದ ಊರಿನಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಒಂದೆರಡು ಲೋಟದಲ್ಲಿ ದಿನ ದೂಡುತ್ತಿದ್ದೆ.

ಮೇ ತಿಂಗಳ ಕೊನೆಗೆ ಅತ್ತೆ ಬಂದಳು. ರಾಗಿಹಿಟ್ಟು, ಹುಚ್ಚೆಳ್ಳು ಪುಡಿ, ಒಂದು ಚೀಲ ಶೇಂಗಾ, ಮೇಲೊಂದು ಹೊಸ ಕರಿ ಕಂಬಳಿ. ನಮ್ಮ ಕುರಿಯ ಉಣ್ಣೆಯನ್ನು ತಾನೇ ನೂತು ನೇಯಿಸಿದ್ದಳು. ಕಂಬಳಿ ಕಂಡು ಲಿಲ್ಲಿ ಬಾಯಿ ನಕ್ಕಳು. ಅತ್ತೆ ನಗಲಿಲ್ಲ. ಈ ಊರಲ್ಲಿ ನಾಲ್ಕು ತಿಂಗಳು ಮಳೆ ಬಿಡುವುದಿಲ್ಲ ಎಂದು ಹಳ್ಳಿಯಲ್ಲಿ ಯಾರೋ ಹೇಳಿದ್ದರಂತೆ, ಸೊಸೆ ಚಳಿಗೆ ನಡುಗುತ್ತಾ ಕೂರಬಾರದು ಎಂದಳು.

ನಮ್ಮ ಮನೆಗಳಲ್ಲಿ ಕಂಬಳಿ ಎಂದರೇನು ಎಂದು ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗುವುದಿಲ್ಲ. ಹೆತ್ತವಳಿಗೆ ಕಂಬಳಿ, ಕೂಸಿಗೆ ಕಂಬಳಿ, ಮಳೆಗೆ ತಲೆ ಮೇಲೆ ಕೊಪ್ಪೆ ಹಾಕಲು ಕಂಬಳಿ, ದೇವರನ್ನು ಕೂರಿಸಲು ಕಂಬಳಿ. ಬಿಸಿಲಿಗೂ ಕಂಬಳಿಯೇ. ನಡುಬೇಸಿಗೆಯಲ್ಲಿ ಕುರಿ ಕಾಯುವವರು ತಲೆ ಮೇಲೆ ಕಂಬಳಿ ಹೊದ್ದೇ ತಿರುಗುತ್ತಾರೆ, ಹೊರಗಿನ ಝಳ ಒಳಗೆ ಇಳಿಯುವುದಿಲ್ಲ. ಜ್ವರ ಬಂತೋ, ಕೇಳುವುದೇ ಬೇಡ. ಕಂಬಳಿ ಹೊದಿಸಿ, ಮೆಣಸಿನ ಕಷಾಯ ಕುಡಿಸಿ, ಬಾಗಿಲು ಹಾಕಿ ಮಲಗಿಸುವುದು. ಮೈ ಬೆವೆತರೆ ಜ್ವರ ಬಿಟ್ಟಿತು ಎಂದು ಲೆಕ್ಕ. ಚಳಿಜ್ವರದಲ್ಲಿ ನಮ್ಮಪ್ಪನನ್ನು ಚಿಕ್ಕಂದಿನಲ್ಲಿ ಅತ್ತೆ ಹಾಗೆಯೇ ಉಳಿಸಿಕೊಂಡಳಂತೆ. ನಮ್ಮ ವಂಶದಲ್ಲಿ ಅದೊಂದು ಕತೆಯೇ ಆಗಿತ್ತು.

ಆ ದಿನ ಅತ್ತೆಗೆ ಮುದ್ದೆ ಮಾಡೋಣವೆಂದು ಮಧ್ಯಾಹ್ನವೇ ಒಲೆ ಹಚ್ಚಿದೆ. ಅದಕ್ಕೂ ಮುಂಚೆ ರಾಶಿ ಬಟ್ಟೆ ಒಗೆದಿದ್ದೆ. ಎರಡು ದಿನದಿಂದ ತಲೆನೋವು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಹಿಟ್ಟು ತೊಳಸುತ್ತಿರುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಬೆವರು ನಿಂತಿತ್ತು. ಕೈ ಒಣಗಿತ್ತು, ಕುತ್ತಿಗೆ ಒಣಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಅತ್ತೆಯನ್ನು ಕರೆದು ತೋರಿಸಿದೆ. ಕೊನೆಗೂ ಈ ಊರು ನನಗೆ ಒಗ್ಗಿತು ಎಂದುಕೊಂಡೆ. ಸರಿಯಾದ ಬುದ್ಧಿಯಿಂದ ಆ ದಿನ ನಾನು ಯೋಚಿಸಿದ ಕೊನೆಯ ವಿಷಯ ಅದು.

ಆಮೇಲಿನದು ನನಗೆ ನೆನಪಿಲ್ಲ. ಅತ್ತೆ ಹೇಳಿದ್ದು ಸ್ವಲ್ಪ, ಲಿಲ್ಲಿ ಬಾಯಿ ಹೇಳಿದ್ದು ಹೆಚ್ಚು. ಹಿಟ್ಟಿನ ಕೋಲು ಕೈಯಲ್ಲಿ ಹಿಡಿದುಕೊಂಡೇ ಕುಸಿದೆನಂತೆ. ಇಲ್ಲದ ಕುರಿಗಳನ್ನು ಕರೆಯುತ್ತಿದ್ದೆನಂತೆ. ಮೈ ಮುಟ್ಟಿದರೆ ಕೆಂಡ, ಹಲ್ಲು ಕಟಕಟ ಅನ್ನುತ್ತಿತ್ತಂತೆ. ಮೈ ಸುಡುತ್ತಿದೆ, ನಡುಗುತ್ತಿದೆ, ಬಡಬಡಿಸುತ್ತಿದ್ದಾಳೆ. ಅತ್ತೆ ಜನ್ಮದಲ್ಲಿ ಕಂಡಿದ್ದ ಚಳಿಜ್ವರಕ್ಕೆ ಇದರಲ್ಲಿ ಒಂದು ಕೂದಲೂ ವ್ಯತ್ಯಾಸವಿರಲಿಲ್ಲ. ಮಗ ಕೆಲಸಕ್ಕೆ ಹೋಗಿದ್ದ, ಊರು ಹೊಸದು, ಭಾಷೆ ಅರ್ಧ ತಿಳಿಯದು. ಅವಳು ತನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದಳು. ಬಾಗಿಲು ಹಾಕಿದಳು, ಕಿಟಕಿ ಮುಚ್ಚಿದಳು, ಹೊಸ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಹೊದಿಸಿದಳು. ಬೆವರು ಬರಲಿಲ್ಲ. ಬರಲಿಲ್ಲವೆಂದು ಅಂಚುಗಳನ್ನು ಮೈಕೆಳಗೆ ಸಿಕ್ಕಿಸಿ, ಗಾಳಿ ನುಸುಳದ ಹಾಗೆ ಪಕ್ಕದಲ್ಲಿ ಒತ್ತಿಕೊಂಡು ಕೂತಳು. ನಮ್ಮ ಮನೆದೇವರಿಗೆ ಹರಕೆ ಹೊತ್ತಳು.

ಸೀದ ಮುದ್ದೆಯ ವಾಸನೆಗೆ ಲಿಲ್ಲಿ ಬಾಯಿ ಬಂದಳು. ಅದನ್ನು ನಾನು ಇಂದಿಗೂ ಮುದ್ದೆಯ ಪುಣ್ಯ ಎಂದೇ ಹೇಳುವುದು. ಬಾಗಿಲು ತೆಗೆಸಿದವಳು ಒಳಗಿನ ಹಬೆಗೆ ಒಂದು ಹೆಜ್ಜೆ ಹಿಂದೆ ಸರಿದಳಂತೆ. ಆಮೇಲೆ ಕಂಬಳಿ ಕಿತ್ತು ಅಂಗಳಕ್ಕೆ ಎಸೆದು, ಅತ್ತೆಯ ಕೈ ಹಿಡಿದು ಎಳೆದು, ಇಬ್ಬರೂ ಸೇರಿ ನನ್ನನ್ನು ಬಾವಿಕಟ್ಟೆಗೆ ಹೊತ್ತರು. ಕೊಡದ ಮೇಲೆ ಕೊಡ ನೀರು ಸುರಿದರು. ಬೀದಿಯಲ್ಲಿ ಮೀನು ಮಾರುವವಳು ಹೋಗುತ್ತಿದ್ದಳು, ಅವಳ ಬುಟ್ಟಿಯ ತಳದಲ್ಲಿ ಉಳಿದಿದ್ದ ಐಸನ್ನು ತಂದು ಕಂಕುಳಿಗೆ, ಕುತ್ತಿಗೆಗೆ ಇಟ್ಟರು. ಲಿಲ್ಲಿ ಬಾಯಿಯ ಅಣ್ಣ ಕಾರು ಹುಡುಕಿ ತಂದ. ನನಗೆ ಎಚ್ಚರ ಬಂದಾಗ ಮೊದಲು ತಿಳಿದದ್ದು ನನ್ನ ಕೂದಲಿನಿಂದ ಬರುತ್ತಿದ್ದ ಬಂಗುಡೆ ಮೀನಿನ ವಾಸನೆ.

ಹೆಂಗಸರ ವಾರ್ಡು. ತಲೆಯ ಮೇಲೆ ಫ್ಯಾನು, ಮೈಮೇಲೆ ಒದ್ದೆ ಬಟ್ಟೆ, ಕೈಗೆ ಗ್ಲೂಕೋಸು. ಮಾತಾಡಲು ಹೋದರೆ ನಾಲಿಗೆ ಹೊರಳುತ್ತಿರಲಿಲ್ಲ. ನರ್ಸಮ್ಮ ಗಳಿಗೆಗೊಮ್ಮೆ ಬಂದು ಮೂತ್ರ ಹೋಯಿತೇ ಎಂದು ಕೇಳುತ್ತಿದ್ದಳು. ಯಾವುದಕ್ಕೆ ನಾಚಿ ನೀರು ಬಿಟ್ಟಿದ್ದೆನೋ ಅದನ್ನೇ ಈಗ ಇಡೀ ವಾರ್ಡಿನ ಮುಂದೆ ಕೇಳುತ್ತಿದ್ದರು. ಮೂತ್ರಪಿಂಡ ಕೆಟ್ಟಿರಬಹುದು ಎಂಬ ಅನುಮಾನವಿತ್ತಂತೆ. ಕೊನೆಗೊಮ್ಮೆ ಹೋದಾಗ ಪಕ್ಕದ ಮಂಚದ ಅಜ್ಜಿ, ಗುರುತೂ ಇಲ್ಲದವಳು, ಹೆರಿಗೆಯಾದಷ್ಟು ಸಂತೋಷಪಟ್ಟಳು. ಆಸ್ಪತ್ರೆಯಲ್ಲಿ ಅಂಥ ಬಂಧುಗಳು ಸಿಗುತ್ತಾರೆ. ಅವರ ಹೆಸರು ಕೇಳುವುದಕ್ಕೂ ನೆನಪಾಗುವುದಿಲ್ಲ.

ಅತ್ತೆ ವಾರ್ಡಿನ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಮಂಚದ ಹತ್ತಿರ ಬರಲಿಲ್ಲ. ಕಣ್ಣಿನಲ್ಲಿ ಕರೆದೆ, ತಲೆ ತಗ್ಗಿಸಿದಳು. ಏನಾಯಿತೆಂದು ಆಮೇಲೆ ತಿಳಿಯಿತು. ನನ್ನನ್ನು ಸೇರಿಸಿಕೊಂಡ ಡಾಕ್ಟರು, ಮೊದಲು ಏನು ಮಾಡಿದಿರಿ ಎಂದು ಕೇಳಿದ್ದಾರೆ. ಅತ್ತೆ ಏನನ್ನೂ ಮುಚ್ಚದೆ ಹೇಳಿದ್ದಾಳೆ. ಬಿಸಿಲು ಬಡಿದವಳಿಗೆ ಕಂಬಳಿ ಹೊದಿಸಿದಿರಾ, ಕೊಲ್ಲಬೇಕೆಂದೇ ಮಾಡಿದಿರಾ ಎಂದು ಅವರು ಎಲ್ಲರೆದುರು ಕೂಗಿದರಂತೆ. ಪಾಪ, ಅವರಿಗೂ ಆ ವಾರ ಅಂಥ ರೋಗಿಗಳು ಬಂದು ಬಂದು ತಲೆ ಕೆಟ್ಟಿತ್ತು. ಮರುದಿನ ಅವರು ಮೆತ್ತಗೆ ಮಾತಾಡಿದರು. ಆದರೆ ಅತ್ತೆಯ ಕಿವಿಯಲ್ಲಿ ಉಳಿದದ್ದು ಹಿಂದಿನ ದಿನದ ಮಾತು.

ನಮ್ಮನೆಯವರು ತಾಯಿಗೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚಾಯಿತೇನೋ. ಅಲ್ಲಿಂದ ಮುಂದೆ ಅತ್ತೆ ನನ್ನನ್ನು ಮುಟ್ಟಲಿಲ್ಲ. ಗಂಜಿ ತಂದರೆ ಸ್ಟೂಲಿನ ಮೇಲಿಟ್ಟು ಸರಿಯುತ್ತಿದ್ದಳು. ತಲೆ ಬಾಚಲು ಲಿಲ್ಲಿ ಬಾಯಿಯನ್ನು ಕರೆಯುತ್ತಿದ್ದಳು. ಹುಟ್ಟಿದ ದಿನ ನನಗೆ ನೀರೆರೆದ ಕೈ ಅದು. ನನಗೆ ಅಳು ಬರುತ್ತಿತ್ತು, ಆದರೆ ಮಾತಿನ್ನೂ ತೊದಲುತ್ತಿದ್ದುದರಿಂದ ಹೇಳಬೇಕಾದ್ದನ್ನು ಹೇಳಲಾಗಲಿಲ್ಲ.

ಡಾಕ್ಟರು ಈ ಬೇಸಿಗೆ ಇಲ್ಲಿ ಬೇಡ, ತವರಿಗೆ ಕರೆದುಕೊಂಡು ಹೋಗಿ ಎಂದರು. ಮೊದಲ ಮಳೆ ಬಿದ್ದ ಮೇಲೆ ಹೊರಟೆವು. ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಹೊಳಲ್ಕೆರೆ ದಾಟುವಾಗ ಕಿಟಕಿಯಿಂದ ಒಣ ಗಾಳಿ ಬಂತು. ಹಣೆಯ ಬೆವರು ತಾನಾಗಿ ಆರಿತು. ನಾನು ಸೀಟಿಗೊರಗಿ ಸುಮ್ಮನೆ ಕಣ್ಣೀರು ಹಾಕಿದೆ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನೆಯವರಿಗೆ ಹಿರಿಯೂರಿನವರೊಬ್ಬರು ಸಿಕ್ಕರು. ಹುಡುಗಿ ಯಾಕೆ ಹೀಗಾಗಿದ್ದಾಳೆ ಎಂದು ಕೇಳಿದರು. ನಮ್ಮನೆಯವರಿಗೆ ಒಳಗಿಟ್ಟುಕೊಂಡು ಗೊತ್ತಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಆ ಮನುಷ್ಯ ನಮಗಿಂತ ಮೊದಲಿನ ಬಸ್ಸು ಹಿಡಿದ. ಊರ ಬಾಯಿಗೆ ಮುಚ್ಚಳ ಇಲ್ಲ ಅನ್ನುತ್ತಾರಲ್ಲ, ನಾವು ಮನೆ ಮುಟ್ಟುವ ಹೊತ್ತಿಗೆ ಹಿರಿಯೂರಿನಲ್ಲಿ ಕತೆ ತಯಾರಾಗಿತ್ತು. ಅತ್ತೆ ಸೊಸೆಗೆ ಕಂಬಳಿ ಮುಚ್ಚಿ ಉಸಿರು ಕಟ್ಟಿಸಿದಳಂತೆ, ಬಾಗಿಲು ಬೇರೆ ಹಾಕಿಕೊಂಡಿದ್ದಳಂತೆ.

ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಒಳಗೆ ಎಳೆದುಕೊಂಡಳು. ಅತ್ತೆಯ ಕಡೆ ತಿರುಗಿ, ಹೆಚ್ಚೇನೂ ಕೂಗಾಡದೆ, ಒಂದೇ ಮಾತು ಹೇಳಿದಳು:

“ನಿನ್ ತಮ್ಮನ್ನ ಕೇಳ್ಕೊಂಡು ಮಗಳ್ನ ತಗಂಡೋದೆ. ಇನ್ನ ನನ್ನ ಕೇಳ್ದೆ ಕರ್ಕಂಡ್ ಹೋಗಂಗಿಲ್ಲ.”

ಅತ್ತೆ ಮೆಟ್ಟಿಲ ಮೇಲೆ ನನ್ನ ಗಂಟು ಇಟ್ಟಳು. ನೀರು ಕೊಡುವವರೂ ಇರಲಿಲ್ಲ, ಅವಳೂ ಕೇಳಲಿಲ್ಲ. ಧರ್ಮಪುರದ ಬಸ್ಸಿಗೆ ನಡೆದುಕೊಂಡು ಹೋದಳು. ಅಪ್ಪ ಹಿಂದೆ ಹಿಂದೆ ಓಡಿದ, ಅರ್ಧ ದಾರಿಯಿಂದ ವಾಪಸ್ಸು ಬಂದ.

ತವರಿನ ಆ ದಿನಗಳು ಸುಲಭವಿರಲಿಲ್ಲ. ಮೈ ನನ್ನದೇ ಎಂಬ ನಂಬಿಕೆ ಹೋಗಿತ್ತು. ಕೈ ನಡುಗಿ ಲೋಟ ಬೀಳಿಸುತ್ತಿದ್ದೆ. ಗೊತ್ತಿರುವ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ, ಬಿಂದಿಗೆ ಅನ್ನಲು ಹೋಗಿ ಬೀಗ ಅನ್ನುತ್ತಿದ್ದೆ. ತಂಗಿಯರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಆಮೇಲೆ ಹಿತ್ತಲಿಗೆ ಹೋಗಿ ಹೆದರುತ್ತಿದ್ದೆ. ಅಂಗಳಕ್ಕೆ ಬಿಸಿಲು ಬಂದರೆ ಒಳಗೆ ಸರಿದು ನೀರಿನ ಹರವಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ಭಯ ಬೆವರಿನದು. ಬೆವರು ಬಂದರೆ ಭಯವಲ್ಲ, ಬಾರದಿದ್ದರೆ. ಮತ್ತೆ ಮತ್ತೆ ಕುತ್ತಿಗೆ ಮುಟ್ಟಿ ನೋಡಿಕೊಳ್ಳುವುದು, ಒದ್ದೆ ಇದ್ದರೆ ಸಮಾಧಾನ. ನಮ್ಮ ಒಣ ಗಾಳಿಯಲ್ಲಿ ಬೆವರು ಹುಟ್ಟುತ್ತಲೇ ಆರಿಹೋಗುತ್ತದೆ, ಹಾಗಾಗಿ ಸಮಾಧಾನ ಸಿಕ್ಕುವುದೇ ಅಪರೂಪ. ಕೊನೆಗೆ ತೋಳನ್ನು ನಾಲಿಗೆಯಿಂದ ಮುಟ್ಟಿ ಉಪ್ಪಿದೆಯೇ ಎಂದು ನೋಡುವುದನ್ನು ಕಲಿತೆ. ಇದನ್ನು ಓದುತ್ತಿರುವ ಯಾರಾದರೂ ಹಾಗೆ ಮಾಡುತ್ತಿದ್ದರೆ, ನಿಮಗೆ ಹುಚ್ಚು ಹಿಡಿದಿಲ್ಲ. ಅದು ಒಂದು ವರ್ಷದಲ್ಲಿ ಬಿಟ್ಟುಹೋಗುತ್ತದೆ, ನನಗೆ ಹೋಯಿತು.

ನೋಡಲು ಬಂದವರೆಲ್ಲ ಅವ್ವನ ಪಕ್ಕ ಕೂತು ಅತ್ತೆಯ ಸುದ್ದಿ ಎತ್ತುತ್ತಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನಿನ್ನ ಮಗಳು ಕಾಲ ಬರುವ ತನಕ ಉಳಿದರೆ ತಾನೆ ಎಂದಳು ಒಬ್ಬಳು. ಹುಡುಗನಿಗೆ ಬೇರೆ ಕಡೆ ಹೆಣ್ಣು ನೋಡಿದ್ದಾರೇನೋ ಎಂದಳು ಇನ್ನೊಬ್ಬಳು. ಮಂಗಳೂರಿನ ಸೆಕೆಯ ಬಗ್ಗೆ ನಾನು ಹೇಳಲು ಹೊರಟರೆ, ಗಂಡನ ಮನೆಯನ್ನು ಬಿಟ್ಟುಕೊಡುವುದಿಲ್ಲ, ಒಳ್ಳೆಯ ಹುಡುಗಿ ಎಂದು ತಲೆ ಸವರುತ್ತಿದ್ದರು. ಹೇಳಿದ್ದು ನಿಜ, ಅದಕ್ಕೆ ಸಿಕ್ಕಿದ್ದು ಕನಿಕರ.

ಅವ್ವ ಈ ಮಾತುಗಳನ್ನು ನಂಬಿದ್ದಳೇ? ಗೊತ್ತಿಲ್ಲ. ಬೇಡವೆನ್ನಲಿಲ್ಲ. ನನ್ನನ್ನು ಮತ್ತೆ ಕಳಿಸುವುದಿಲ್ಲ ಎಂದು ಅಪ್ಪನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು. ನಮ್ಮನೆಯವರು ಎರಡು ಸಲ ಬಂದು ಜಗಲಿಯ ಮೇಲೆ ಕೂತು ಹೋದರು. ನನಗೆ ಅವರ ಜೊತೆ ಹೋಗುವ ಮನಸ್ಸಿತ್ತು, ಹೋಗಲು ಭಯವೂ ಇತ್ತು. ಹೀಗೇ ಬಿಟ್ಟರೆ ಮದುವೆ ಮುರಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಅತ್ತೆ ಬದುಕಿರುವ ತನಕ ಕೊಲೆಗಡುಕಿ ಎನಿಸಿಕೊಂಡೇ ಬದುಕಬೇಕಾಗುತ್ತದೆ ಎನ್ನುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆಷಾಢ ಬಂತು. ನಮ್ಮ ಕಡೆ ಆಷಾಢದ ಗಾಳಿ ಅಂದರೆ ಹೊಲದ ಮಣ್ಣೆಲ್ಲ ಮನೆಯೊಳಗೆ. ಅಪ್ಪ ಅವ್ವನಿಗೆ ಹೇಳದೆ ಧರ್ಮಪುರಕ್ಕೆ ಹೋಗಿಬಂದ. ಬಂದವನು ಕೈಕಾಲು ತೊಳೆಯದೆ ನನ್ನ ಹತ್ತಿರ ಕೂತ. ಅಕ್ಕ ಕುರಿ ಹಟ್ಟಿಯ ಕಡೆ ಹೋಗುತ್ತಿಲ್ಲ, ನೂಲುವುದನ್ನು ಬಿಟ್ಟಿದ್ದಾಳೆ, ಈ ಗಾಳಿಯಲ್ಲೂ ಮೈಮೇಲೆ ಏನೂ ಹಾಕಿಕೊಳ್ಳದೆ ಬರೀ ನೆಲದ ಮೇಲೆ ಮಲಗುತ್ತಿದ್ದಾಳೆ ಎಂದ. ಪಕ್ಕದ ಮನೆಯ ಮಗುವಿಗೆ ಜ್ವರ ಬಂದರೆ ಇವಳು ಊರು ಬಿಟ್ಟು ಹೊಲದಲ್ಲಿ ಹೋಗಿ ಕೂತಿದ್ದಳಂತೆ. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಅದಾದ ಕೆಲವು ದಿನಕ್ಕೆ ನಮ್ಮನೆಯವರು ತಾಯಿಯನ್ನು ಕರೆದುಕೊಂಡು ಬಂದರು. ಲಿಲ್ಲಿ ಬಾಯಿಯ ಅಣ್ಣನ ಮನೆಯಲ್ಲಿ ಮೇಲೆ ಗಾಳಿಯಾಡುವ ಕೋಣೆ ಖಾಲಿಯಾಗಿದೆ, ಪಾಯಿಖಾನೆ ಹಿಂದೆಯೇ ಇದೆ, ಇನ್ನು ಮೇಲೆ ಪ್ರತಿ ಏಪ್ರಿಲ್‌ಗೆ ನನ್ನನ್ನು ಊರಿಗೆ ಕಳಿಸುತ್ತೇನೆ ಎಂದು ಅವರು ಅಪ್ಪನಿಗೆ ಹೇಳುತ್ತಿದ್ದರು. ಅತ್ತೆ ಜಗಲಿಯನ್ನೂ ಹತ್ತಲಿಲ್ಲ. ಕೆಳಗೆ, ಮೆಟ್ಟಿಲ ಪಕ್ಕದ ಮಣ್ಣಿನಲ್ಲಿ ಕೂತಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ನಾನು ಹೊರಗೆ ಬಂದಾಗ ನನ್ನ ಕಾಲ ಕಡೆ ನೋಡುತ್ತಾ ಕೇಳಿದಳು:

“ಈಗ ಬೆವರು ಬರ್ತೈತಾ ಶಾರದಿ?”

“ಬರ್ತೈತೆ ಅತ್ತೆ.”

“ಹೂಂ,” ಅಂದಳು. ಆಮೇಲೆ ಮಗನ ಕಡೆ ತಿರುಗಿ, “ಅವಳಿಗೆ ಮನಸಿಲ್ದಿದ್ರೆ ಬಲವಂತ ಮಾಡಬ್ಯಾಡ. ನಾನ್ ಮಾಡಿದ್ದು ನಂಗೇ ಇರ್ಲಿ” ಎಂದಳು.

ನಾನು ಅಡುಗೆಮನೆಗೆ ಹೋದೆ. ಅವ್ವ ಮುದ್ದೆಗೆ ಎಸರಿಟ್ಟು, ಹೊರಗೆ ನೆಂಟರು ಬಂದೇ ಇಲ್ಲವೇನೋ ಎಂಬ ಹಾಗೆ ಒಲೆಯನ್ನೇ ನೋಡುತ್ತಿದ್ದಳು. ಬಾಗಿಲಿಗೆ ಒರಗಿ ನಿಂತುಕೊಂಡೆ. ಜಗಳವಾಡಬೇಕೆಂದೇ ಹೋದವಳು, ಬಾಯಿಂದ ಬಂದದ್ದು ಮಾತ್ರ ಬೇರೆ.

“ಅವ್ವ, ಅವತ್ತು ಅತ್ತೆ ಜಾಗದಾಗೆ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?”

ನಾನು ಮುಂದುವರಿಸಿದೆ. ಮಗನಿಲ್ಲ, ಡಾಕ್ಟರಿಲ್ಲ, ಕೇಳುವುದಕ್ಕೆ ನಮ್ಮ ಮಾತಿನವರಿಲ್ಲ. ನಾನು ಸುಡುತ್ತಿದ್ದೇನೆ, ನಡುಗುತ್ತಿದ್ದೇನೆ, ನಿನ್ನ ಗುರುತೂ ಹಿಡಿಯುತ್ತಿಲ್ಲ. ಹೇಳು, ಏನು ಮಾಡುತ್ತಿದ್ದೆ?

ಎಸರು ಕುದಿಯತೊಡಗಿತು. ಅವ್ವ ಹಿಟ್ಟು ಹಾಕಲಿಲ್ಲ. ಉರಿಯುತ್ತಿದ್ದ ಸೌದೆಯೊಂದನ್ನು ಹೊರಗೆಳೆದು ಬೂದಿಗೆ ಒತ್ತಿ ಆರಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನನ್ನು ನೋಡದೆಯೇ ಹೇಳಿದಳು:

“ನಾನಾಗಿದ್ರೆ ಎಲ್ಡು ಕಂಬ್ಳಿ ಹೊದಿಸ್ತಿದ್ದೆ.”

ಹೇಳಿದವಳು ಚೊಂಬಿನಲ್ಲಿ ನೀರು ತುಂಬಿಕೊಂಡು ನನ್ನನ್ನು ದಾಟಿ ಹೊರಗೆ ಹೋದಳು. ನಾನು ಗೋಡೆ ಹಿಡಿದು ನಿಂತೇ ಕೇಳಿದೆ. ಏಳು ಅತ್ತಿಗೆಮ್ಮ, ಮಣ್ಣಾಗ್ ಯಾಕೆ ಕುಂತೀಯ, ಒಳಗ್ ಬಾ ಎನ್ನುತ್ತಿದ್ದಳು. ಅತ್ತೆ ಏಳಲಿಲ್ಲ. ಬಹಳ ಹೊತ್ತು ಏಳಲಿಲ್ಲ. ಅವ್ವ ಚೊಂಬನ್ನು ಕೈಯಲ್ಲಿ ಹಿಡಿದುಕೊಂಡು, ಸೀರೆ ಮಣ್ಣಾಗುವುದನ್ನೂ ನೋಡದೆ, ಅವಳ ಪಕ್ಕದಲ್ಲೇ ಕೂತುಬಿಟ್ಟಳು.